ಬಚ್ಚಲುಗೋಡೆಯ ಏಕವಚನ

ಬೆಳಿಗ್ಗೆ ಸುಗುಣ ಬಟ್ಟೆ ಒಗೆಯುತ್ತಿದ್ದಾಗ ಮಗಳು ನೇರಳೆ ಬೆಳಕಿನ ಟಾರ್ಚ್ ಹಿಡಿದು ಬಚ್ಚಲಿಗೆ ನುಗ್ಗಿದಳು.

"ಅಮ್ಮಾ, ಸೋಪಿನ ಪುಡಿ ಕಲಸಿದ ನೀರೇ ಕಾಣದ ಶಾಯಿಯಂತೆ! ಒಣಗಿದ ಮೇಲೂ ಈ ಟಾರ್ಚ್ ಬಿಟ್ರೆ ಹೊಳೆಯತ್ತಂತೆ. ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡ್ತೀನಿ."

ಸುಗುಣ ಒಗೆಯುವುದನ್ನು ಬಿಟ್ಟು ಗೋಡೆಯತ್ತ ತಿರುಗಿದಳು. ಅತ್ತೆಯೆದುರು ಎಂದೂ ದನಿ ಎತ್ತದ ಅವಳು, ವರ್ಷಗಳಿಂದ ತನ್ನ ಸಿಟ್ಟನ್ನೆಲ್ಲ ಸೋಪುನೀರಿನಲ್ಲಿ ಬೆರಳದ್ದಿ ಈ ಗೋಡೆಯ ಮೇಲೆ ಬರೆಯುತ್ತಿದ್ದಳು. ಅದೂ ಏಕವಚನದಲ್ಲಿ. ಅತ್ತೆ ಸ್ನಾನಕ್ಕೆ ಬರುವಷ್ಟರಲ್ಲಿ ಆರಿಹೋಗುತ್ತದೆಂಬ ಧೈರ್ಯ ಅವಳಿಗೆ.

"ಇಲ್ಲಿ ಬೇಡ ಕಂದಾ, ಆಚೆ ಹೋಗು."

ಅಷ್ಟರಲ್ಲಿ ಮಗಳು ಬಾಗಿಲು ಹಾಕಿ, ದೀಪ ಆರಿಸಿಯಾಗಿತ್ತು. ಗೋಡೆಯ ತುಂಬ ನೀಲಿ ಅಕ್ಷರಗಳು ಹೊಳೆದವು.

"‘ಸಾರಿಗೆ ಉಪ್ಪಿಲ್ಲ ಅಂತೀಯಲ್ಲ, ನೀನೇ ಮಾಡ್ಕೋ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬಾರದು ಅಂತ ನಿನ್ನ ಮಗನಿಗೆ ನೀನು ಕಲಿಸ್ಲಿಲ್ವಾ?’ ಅಮ್ಮಾ, ಇದು ನಿನ್ನ ಅಕ್ಷರ!"

"ಮೆಲ್ಲಗೆ ಓದೇ, ಅಜ್ಜಿಗೆ ಕೇಳಿಸತ್ತೆ!" ಎಂದು ಸುಗುಣ ಮಗಳ ಬಾಯಿ ಮುಚ್ಚಿದಳು.

ಮಗಳು ಟಾರ್ಚನ್ನು ಗೋಡೆಯ ಇನ್ನೂ ಕೆಳಕ್ಕೆ ಇಳಿಸಿದಳು. ಆಮೇಲೆ ಅಮ್ಮನ ಕೈ ಸರಿಸಿ ಕೇಳಿಯೇಬಿಟ್ಟಳು:

"ನೀನು ‘ನೀನು’ ಅಂತ ಬರ್ದಿದ್ರೂ, ಅದರ ಕೆಳಗೆ ಅಜ್ಜಿ ಯಾಕಮ್ಮಾ ‘ತಾವು ಹೇಳೋದು ನಿಜ, ಅವನು ನನ್ನ ಮಾತೂ ಕೇಳೋದಿಲ್ಲ’ ಅಂತ ಉತ್ತರ ಬರ್ದಿದಾರೆ?"