ಗೋಡೆಯವರೆಗಿನ ಸಿಗ್ನಲ್

ಮೋಡೆಮ್‌ಗೆ ಹೊಸ ರೂಟರ್ ಜೋಡಿಸಿ ಹೋಗಿದ್ದ ಟೆಕ್ನಿಷಿಯನ್‌ನನ್ನು ಆ ಮನೆಯಾಕೆ ನಾಲ್ಕೇ ದಿನಕ್ಕೆ ಮತ್ತೆ ಕರೆಸಿದರು.

"ಸ್ಪೀಡ್ ಬರ್ತಿಲ್ವಾ ಮೇಡಂ?"

"ಬರ್ತಿದೆ. ಮೋಡೆಮ್‌ನ ವೈಫೈ ಆಫ್ ಮಾಡಿದ್ರಲ್ಲ, ಅದನ್ನ ಮತ್ತೆ ಆನ್ ಮಾಡಿ. ಹಳೇ ಪಾಸ್‌ವರ್ಡೇ ಇರಲಿ."

"ಅದನ್ನ ಹೊರಗಿನವರು ಯಾರೋ ಬಳಸ್ತಿದ್ರು. ಅದಕ್ಕೇ ಆಫ್ ಮಾಡಿದ್ದು."

"ಹೊರಗಿನವನಲ್ಲ, ನನ್ನ ತಮ್ಮ. ಪಕ್ಕದ ಮನೆ. ಆಸ್ತಿ ಪಾಲಾದಾಗಿಂದ ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ."

"ಮತ್ತೆ ಪಾಸ್‌ವರ್ಡ್ ಹೇಗೆ ಗೊತ್ತಾಯ್ತು?"

"ಅಮ್ಮನ ಹೆಸರಿಟ್ಟಿದ್ದೆ. ಅವನೇ ಊಹಿಸಿರಬೇಕು. ಮೋಡೆಮ್ ಸಿಗ್ನಲ್ ಅವನ ಮನೆವರೆಗೆ ಹೋಗಲ್ಲ. ಅದಕ್ಕೆ ದಿನಾ ಸಂಜೆ ಕಾಂಪೌಂಡ್ ಗೋಡೆ ಹತ್ರ ಬಂದು, ಫೋನ್ ನೋಡ್ತಾ ಅರ್ಧ ಗಂಟೆ ನಿಲ್ತಿದ್ದ. ನಾಲ್ಕು ದಿನದಿಂದ ಬಂದಿಲ್ಲ."

ಟೆಕ್ನಿಷಿಯನ್ ಮೆಲ್ಲಗೆ ಹೇಳಿದ:

"ಮೋಡೆಮ್ ಯಾಕೆ ಮೇಡಂ? ಹೊಸ ರೂಟರ್‌ಗೇ ಅಮ್ಮನ ಹೆಸರಿನ ಪಾಸ್‌ವರ್ಡ್ ಹಾಕಿಕೊಡ್ತೀನಿ. ಇದರ ಸಿಗ್ನಲ್ ಜೋರು, ಅವರ ಮನೆಯೊಳಗೇ ಚೆನ್ನಾಗಿ ಸಿಗುತ್ತೆ."

ಆಕೆ ಕಿಟಕಿಯಿಂದ ಗೋಡೆಯ ಕಡೆಗೇ ನೋಡುತ್ತಿದ್ದರು.

"ಬೇಡಪ್ಪ. ಮನೆಯೊಳಗೇ ಸಿಕ್ಕಿಬಿಟ್ರೆ ಅವನು ಗೋಡೆ ತನಕ ಯಾಕೆ ಬರ್ತಾನೆ?"