ಮರುಚಿಗುರು

"ಮುಂದಿನ ಸಾಲೇನಿತ್ತು?" ಗಮಕಿ ನರಹರಿ ಗೋಡೆಯ ಕಡೆ ನೋಡುತ್ತ ಕೇಳಿದ.

"ಗೋಡೆಗೂ ಮರೆತುಹೋಗಿದೆಯಂತೆ," ಎಂದಳು ಹೆಂಡತಿ ಅಂಬುಜಾಕ್ಷಿ. ಉಳಿದ ಪದ್ಯವನ್ನು ರಾಗವಾಗಿ ಹೇಳಿಕೊಂಡೇ ಅಡುಗೆಮನೆಯಿಂದ ಹೊರಬಂದಳು. ಹೇಳಿ ಮುಗಿಸಿ ತಾನೇ ಬೆರಗಾದಳು.

ಐವತ್ತು ದಾಟಿದ ಹೆಂಗಸರ ಮಿದುಳು ಮತ್ತೆ ಚಿಗುರುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಗಂಡಸರದು ಆ ವಯಸ್ಸಿಗೆ ಬಾಡುವುದರಿಂದ, ಚಿಗುರನ್ನು ಗಂಡನಿಗೆ ಕಸಿ ಮಾಡಿಸುವುದು ವಾಡಿಕೆ. ಕೊಟ್ಟವರಿಗೆ ಅದು ಮತ್ತೆ ಬರುವುದಿಲ್ಲ. ಅತ್ತೆ, ಓರಗಿತ್ತಿ ಎಲ್ಲರೂ ಕೊಟ್ಟವರೇ.

ಚಿಕ್ಕಂದಿನಲ್ಲಿ ಕೇಳಿದ್ದ ಪದ್ಯಗಳೆಲ್ಲ ಈಗ ಒಂದರ ಹಿಂದೊಂದು ಅವಳ ನಾಲಿಗೆಗೆ ಬರುತ್ತಿದ್ದವು.

"ಅಂಬೂ, ನಾಳೆಯೇ ಕಸಿಗೆ ಹೋಗೋಣ. ಶನಿವಾರ ಮಠದಲ್ಲಿ ವಾಚನ ಇದೆ."

"ವಾಚನ ನಾನು ಮಾಡ್ತೀನಿ. ನೀವು ಅರ್ಥ ಹೇಳಿ."

"ತಮಾಷೆ ಸಾಕು. ಕೊಡೇ."

ಅಂಬುಜಾಕ್ಷಿ ಅವನ ಮುಂದಿದ್ದ ಶ್ರುತಿಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೊಡೋದಿಲ್ಲ."