ಮುಳ್ಳು ನಡುವೆ ನಿಂತಿತ್ತು

ಜೇವರ್ಗಿಯಿಂದ ಬರುತ್ತ ಘತ್ತರಗಿ ಇನ್ನೇನು ಹತ್ತಿರವಾಯಿತು ಅನ್ನುವಾಗ ಅಜೀಮನ ಕಣ್ಣು ಆ ಮುಳ್ಳಿನ ಮೇಲೆ ಬಿತ್ತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಂಪಿನ ಗೆರೆ ಬಿಟ್ಟು ನಡುಮಧ್ಯಕ್ಕೆ ಏರಿ ನಿಂತಿತ್ತು. ಇನ್ನಷ್ಟು ಏರಿದರೆ ಕೆಂಪು ಗೆರೆ. ಹೊರಗೆ ಮೇ ತಿಂಗಳ ಬಿಸಿಲು. ಗಾಡಿಯೋ, ತೀರಿಹೋದ ತಂದೆ ಶರಫುದ್ದೀನರ ಹಳೇ ಮಾರುತಿ. ಬೇವಿನ ಗಿಡವೊಂದರ ನೆರಳು ಸಿಕ್ಕಿದ್ದೇ ತಡ, ಅಜೀಮ ಪಕ್ಕಕ್ಕೆ ತಂದು ಇಂಜಿನ್ ಬಂದ್ ಮಾಡಿದ.

ಪಕ್ಕದ ಸೀಟಿನಲ್ಲಿ ಟವೆಲಿನಲ್ಲಿ ಸುತ್ತಿಟ್ಟ ಜಮ್‌ಜಮ್ ನೀರಿನ ಬಾಟಲಿ ಇತ್ತು. ಅಫಜಲಪುರದ ಮನೆಯಲ್ಲಿ ತಾಯಿ ಕುಲಸುಮಬಿ ಇವತ್ತೋ ನಾಳೆಯೋ ಎಂಬಂತಿದ್ದಳು. ಬೆಳಿಗ್ಗೆ ಅವಳು ಕೇಳಿದ್ದು ಇಷ್ಟೇ: ಕಣ್ಣು ಮುಚ್ಚುವ ಮುಂಚೆ ಮಕ್ಕಾದ ಆ ನೀರು ತನ್ನ ನಾಲಿಗೆಯ ಮೇಲೆ ಬೀಳಬೇಕು, ಅದೂ ಮಗನ ಕೈಯಿಂದ. ಊರಿನಲ್ಲಿ ಹಾಜಿಗಳು ತಂದದ್ದೆಲ್ಲ ಚಮಚ ಚಮಚ ಹಂಚಿ ಎಂದೋ ಮುಗಿದಿತ್ತು. ಜೇವರ್ಗಿಯ ಜೀನತ ಖಾಲಾ, ತಾಯಿಯ ತಂಗಿ, ತನ್ನ ಕೊನೆಗಾಲಕ್ಕೆಂದು ಎತ್ತಿಟ್ಟುಕೊಂಡಿದ್ದ ಬಾಟಲಿಯನ್ನು "ಅಕ್ಕಗ ಮೊದಲ ಬೇಕು, ಒಯ್ಯಿ" ಎಂದು ಅಳುತ್ತ ಕೊಟ್ಟಿದ್ದಳು.

ಅಜೀಮನ ಸ್ವಂತ ಕಾರು ಅವನು ಇರುವ ರಾಯಚೂರಿನಲ್ಲಿತ್ತು. ಹೊಸದು, ಅದರಲ್ಲಿ ಇಂಥ ಮುಳ್ಳೇ ಇಲ್ಲ. ಇಂಜಿನ್ ಕಾದರೆ ಕೆಂಪು ದೀಪ ಹತ್ತುತ್ತದೆ, ಹತ್ತದಿದ್ದರೆ ಆರಾಮಾಗಿ ಓಡಿಸಬಹುದು. ಹೋಗುವಾಗ ಅವಸರದಲ್ಲಿ ಈ ಮುಳ್ಳಿನ ಕಡೆ ಅವನು ನೋಡಿರಲೇ ಇಲ್ಲ. ಈಗ ಬಾನೆಟ್ ಎತ್ತಿದ. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ, ಇಂಜಿನ್ ತಂಪಿಡುವ ನೀರಿನ ಡಬ್ಬಿಯೂ ತುಂಬಿಯೇ ಇತ್ತು. ಅಷ್ಟನ್ನು ನೋಡಿಯಾದರೂ ಹೊರಟುಬಿಡಬಹುದಿತ್ತು, ಮಾರಾಯ. ಆದರೆ ಭಯ ಹೊಕ್ಕವನಿಗೆ ಯಾರು ಹೇಳಬೇಕು? ಇಂಜಿನ್ ಹಿಡಿದುಕೊಂಡು ಗಾಡಿ ನಡುದಾರಿಯಲ್ಲಿ ಕೂತರೆ ನೀರು ಮುಟ್ಟುವುದೇ ಇಲ್ಲ, ತಡವಾದರೂ ಮುಟ್ಟಲಿ ಎಂದು ಅವನ ಲೆಕ್ಕಾಚಾರ.

ಮುಳ್ಳು ಇಳಿದ ಮೇಲೆ ಹೊರಟ. ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಅದು ಮತ್ತೆ ನಡುವಿಗೆ ಬಂತು. ಮತ್ತೆ ನಿಲ್ಲಿಸಿದ. ಆಗಲೇ ಅಕ್ಕ ಶಾಹೀನಳ ಫೋನು.

"ಎಲ್ಲಿದ್ದಿ ಅಜೀಮ? ಅಮ್ಮಿ ನಿನ್ನೇ ಕೇಳಾಕತ್ತಾಳ."

"ಘತ್ತರಗಿ ದಾಟೇನಿ ಆಪಾ. ಗಾಡಿ ಕಾದದ. ಆರಲಿ ಅಂತ ನಿಂತೇನಿ."

"ಬ್ಯಾರೆ ಯಾವದರ ಗಾಡಿ ಹಿಡದು ಬಾರೋ."

"ಕೈ ಮಾಡಾಕತ್ತೇನಿ. ಒಂದೂ ನಿಲ್ಲವಲ್ದು."

ಅಷ್ಟಕ್ಕೇ ಫೋನು ಕಟ್ಟಾಯಿತು.

ಅವನು ಮನೆ ಮುಟ್ಟಿದಾಗ ಬಾಗಿಲ ಮುಂದೆ ಚಪ್ಪಲಿಗಳು ಸೇರಿದ್ದವು. ಒಳಗಿನಿಂದ ಕುರಾನ್ ಓದುವ ದನಿ ಬರುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ತಂದೆಯ ಗೆಳೆಯ, ಪಕ್ಕದ ಮನೆಯ ದೌಲತರಾಯರು ಅವನ ಹೆಗಲು ಹಿಡಿದು, "ಕೀಲಿ ಇಲ್ಲಿ ಕೊಡು ಮಗಾ, ಗಾಡಿ ನಾ ಸರಿಸ್ತೇನಿ. ಮಂದಿ ಬರೋದದ" ಅಂದರು. ಅಜೀಮ ಬಾಟಲಿ ಎದೆಗವಚಿಕೊಂಡು ಒಳಗೆ ಹೋಗಿ ತಾಯಿಯ ಮುಖ ನೋಡಿದ. ನೋಡಿ ಕೂಸಿನಂತೆ ಅತ್ತ.

ಶಾಹೀನ ಅವನನ್ನು ಅಡುಗೆಮನೆಗೆ ಕರೆದೊಯ್ದಳು. ಸದಾ ಗಾಜಿನ ಬಳೆ ತುಂಬಿಕೊಂಡಿರುತ್ತಿದ್ದ ಅವಳ ಕೈಗಳು ಬರಿದಾಗಿದ್ದವು.

"ಒಂದು ಮಾತು ನಿನಗಷ್ಟ ಹೇಳ್ತೇನಿ. ನೀ ಫೋನ್‌ನ್ಯಾಗ ಗಾಡಿ ಕಾದದ ಅಂದಿ. ಆಕಿ ಜೀವ ಹಿಡಕೊಂಡು ಬಾಗಲ ಕಡಿ ನೋಡಾಕತ್ತಿದ್ಲು. ಕಣ್ಣು ಮಂಜಾಗಿತ್ತು. ನಂಗ ನೋಡಾಕ ಆಗಲಿಲ್ಲ. ಬಳಿ ಸಪ್ಪಳಕ್ಕ ನಾನೇ ಅಂತ ಗೊತ್ತಾಗ್ತದ ಅಂತ ಬಳಿ ತೆಗದಿಟ್ಟೆ. ಗಡಗಿ ನೀರು ಚಮಚದಾಗ ಹಿಡದು, 'ಅಜೀಮ ಬಂದಾನ, ಜಮ್‌ಜಮ್ ಹಾಕಾಕತ್ತಾನ, ಕುಡಿ' ಅಂದೆ. ಕುಡದ್ಲು. ನನ್ನ ಕೈ ಹಿಡದು 'ಜೀತೇ ರಹೋ ಬೇಟಾ' ಅಂತ ಹರಸಿದ್ಲು. ಅಷ್ಟೇ. ಸಾಯೋ ತಾಯಿಗೆ ಸುಳ್ಳು ಹೇಳಿದೆ. ಅಲ್ಲಾ ಮಾಫ್ ಮಾಡ್ತಾನೇನೋ?"

"ಮಾಡ್ತಾನ ಆಪಾ. ಗಾಡಿ ಹಂಗ ಮಾಡಿದ್ರ ನೀ ಏನ ಮಾಡ್ತಿ?"

ಆ ಮಾತಿಗೆ ಅವಳು ಕಣ್ಣೊರೆಸಿಕೊಂಡಳು. ಅಷ್ಟು ಸಮಾಧಾನ ಅವಳಿಗೆ ಸಾಕಾಯಿತು.

ಅಂಗಳದಲ್ಲಿ ದೌಲತರಾಯರು ಕೀಲಿ ವಾಪಸು ಕೊಟ್ಟರು. "ಮಸೀದಿ ಬಾಜೂಕ ನಿಲ್ಲಿಸೇನಿ. ಗಾಡಿಗೇನೂ ಆಗಿಲ್ಲ ಬಿಡು."

"ಭಾಳ ಕಾದಿತ್ತು ಕಾಕಾ. ಮುಳ್ಳು ಅರ್ಧಕ್ಕ ಏರಿತ್ತು."

"ಅರ್ಧಕ್ಕಲ್ಲ? ಅಲ್ಲೇ ಇರಬೇಕು ಅದು. ನಡುವ ನಿಂತ್ರ ಇಂಜಿನ್ ಹದಕ್ಕ ಬಂದದ ಅಂತ. ನಿಮ್ಮ ಅಬ್ಬಾ ಇದ್ದಾಗಿಂದ ಅಲ್ಲೇ ನಿಲ್ತದ. ನಡುವ ದಾಟಿ ಕೆಂಪಿನ ಕಡಿ ಹೊಂಟಾಗ ಅಂಜಬೇಕು." ಅಷ್ಟು ಹೇಳಿ, ಜನಾಜಾಕ್ಕೆ ಬರುವವರಿಗೆ ಕುರ್ಚಿ ಹಾಕಿಸಲು ಅವರು ಹೊರಟುಹೋದರು. ತಾವು ಏನು ಹೇಳಿದೆವೆಂಬುದು ಪಾಪ ಅವರಿಗೇ ತಿಳಿಯಲಿಲ್ಲ.

ಅಜೀಮ ಕೀಲಿ ಹಿಡಿದು ಅಂಗಳದಲ್ಲೇ ನಿಂತ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರೆಲ್ಲ ಗಾಡಿಯನ್ನೇ ಬೈದು ಸುಮ್ಮನಾಗುತ್ತಿತ್ತು. ಆದರೆ ಅಕ್ಕ ತನ್ನ ಸುಳ್ಳನ್ನು ಬಚ್ಚಿಟ್ಟುಕೊಂಡಿರಲಿಲ್ಲ. ಮತ್ತೆ ಅಡುಗೆಮನೆಗೆ ಹೋದ.

"ಆಪಾ, ಗಾಡಿ ಕಾದಿರಲಿಲ್ಲ. ಚಲೋನೇ ಇತ್ತು. ನನಗ ಮುಳ್ಳು ನೋಡಾಕ ಬರಲಿಲ್ಲ. ಸುಮ್ಮನ ನಿಂತಿದ್ದೆ."

ಶಾಹೀನ ಅವನನ್ನು ಬೈಯಲಿಲ್ಲ. ತನ್ನ ಬರಿಗೈಗಳನ್ನೇ ನೋಡಿದಳು.

"ಅಂದ್ರ ನಾ ಸುಳ್ಳು ಹೇಳೋದೇ ಬೇಕಾಗಿರಲಿಲ್ಲ," ಅಂದಳು.